ಒಂದು ಕೋರ್‌ನಿಂದ ಹಲವಕ್ಕೆ: ಹಳೇ ಬೋರ್ಡಿಗೇ ಬೇರೆ ಚಿಪ್ಪೋ, ಜೋಡಿ ಜಿಯಾನೋ, ಪೂರ್ತಿ ಹೊಸದೋ?

ವಿಜಯನಗರದಲ್ಲಿ ಜೆರಾಕ್ಸ್-ಡಿಟಿಪಿ ಅಂಗಡಿ ಇಟ್ಟಿರುವ ನನ್ನ ಬಾಮೈದ ಒಂದು ಶನಿವಾರ ಮಧ್ಯಾಹ್ನ ಕಂಪ್ಯೂಟರ್ ಸಾಮಾನು ಸಿಗುವ ಎಸ್‌ಪಿ ರೋಡಿನಿಂದಲೇ ಫೋನ್ ಮಾಡಿದ. ಹಿಂದೆ ಹಾರನ್ನು, "ಸೈಡು ಸೈಡು" ಅಂತ ಗಾಡಿ ತಳ್ಳುವವರ ಕೂಗು.

"ಭಾವ, ಇಲ್ಲೊಂದು ಮಷೀನ್ ಇದೆ. ಎರಡು ಜಿಯಾನ್, ಒಟ್ಟು ಇಪ್ಪತ್ತೆಂಟು ಕೋರ್ ಅಂತೆ. ಅಡ್ವಾನ್ಸ್ ಕೊಟ್ಬಿಡ್ಲಾ?"

"ಕೊಡಬೇಡ. ಮೊದಲು ಅಂಗಡಿಗೆ ಹೋಗು, ಈಗ ಇರೋದು ಏನು ಹೇಳುತ್ತೆ ನೋಡೋಣ" ಅಂದೆ. ಜಿಯಾನ್ ಅಂದರೆ ಇಂಟೆಲ್ ಸರ್ವರ್, ವರ್ಕ್‌ಸ್ಟೇಷನ್‌ಗಳಿಗೆ ಮಾಡಿದ ಚಿಪ್; ಕೋರ್ ಅಂದರೆ ಚಿಪ್ಪಿನೊಳಗೆ ಲೆಕ್ಕ ಮಾಡುವ ಒಂದೊಂದು ಘಟಕ.

ಅವನ ಹತ್ತಿರ ಹಳೇ ಕನ್ನಡ ಪುಸ್ತಕ ತರುವವರು ಜಾಸ್ತಿ. ತಾತ ಬರೆದ ಕೀರ್ತನೆ, ಮಠದ ಸ್ಮರಣ ಸಂಚಿಕೆ, ಅಂಗಡಿಯಲ್ಲಿ ಎಲ್ಲೂ ಸಿಗದ ವ್ಯಾಕರಣ. ಸ್ಕ್ಯಾನ್ ಮಾಡಿ, ಉಬುಂಟು ಲಿನಕ್ಸ್‌ನಲ್ಲಿ ಟೆಸರಾಕ್ಟ್ ಅನ್ನುವ ಪ್ರೋಗ್ರಾಂ ಓಡಿಸಿ ಚಿತ್ರದಿಂದ ಅಕ್ಷರ ಎತ್ತಿಸಿ, ಬಂದದ್ದನ್ನು ಕೂತು ತಿದ್ದಿ ಕೊಡುತ್ತಾನೆ. ಯಂತ್ರ ಹಳೆಯದು: ಎಚ್61 ಮದರ್‌ಬೋರ್ಡ್, ಅದರಲ್ಲಿ ಇಂಟೆಲ್‌ನ ಅಗ್ಗದ ಚಿಪ್ ಸೆಲೆರಾನ್ ಜಿ460. ರಾತ್ರಿ ಬಾಗಿಲು ಹಾಕುವಾಗ ಒಂದು ಪುಸ್ತಕ ಹಚ್ಚಿ ಹೋದರೆ ಬೆಳಿಗ್ಗೆ ಹೊತ್ತಿಗೆ ಮುಗಿದರೆ ಮುಗಿಯಿತು.

ಅಂಗಡಿಗೆ ವಾಪಸ್ ಹೋಗಿ ಟರ್ಮಿನಲ್‌ನಲ್ಲಿ, ಚಿಪ್ಪಿನ ವಿವರ ತೋರಿಸುವ ಎಲ್‌ಎಸ್‌ಸಿಪಿಯು ಆದೇಶ ಹೊಡೆದು ಓದತೊಡಗಿದ.

"ಸಿಪಿಯು ಎರಡು ಅಂತ ಇದೆಯಲ್ಲ ಭಾವ?"

"ಕೆಳಗೆ ಓದು. ಸಾಕೆಟ್, ಅಂದರೆ ಚಿಪ್ ಕೂರೋ ಜಾಗ, ಎಷ್ಟು?"

"ಒಂದು."

"ಸಾಕೆಟ್‌ಗೆ ಕೋರ್?"

"ಒಂದು."

"ಕೋರ್‌ಗೆ ಥ್ರೆಡ್?"

"ಎರಡು... ಓ."

ಎನ್‌ಪ್ರಾಕ್ ಎಂಬ ಆದೇಶ ಕೊಡುವ ಸಂಖ್ಯೆ ಥ್ರೆಡ್‌ಗಳದ್ದು, ಕೋರ್‌ಗಳದ್ದಲ್ಲ. ಥ್ರೆಡ್ ಅಂದರೆ ಒಬ್ಬನೇ ಭಟ್ಟ ಎರಡು ಒಲೆ ನೋಡಿಕೊಂಡ ಹಾಗೆ. ಒಂದರ ಮೇಲೆ ನೀರು ಕಾಯುವಷ್ಟರಲ್ಲಿ ಇನ್ನೊಂದಕ್ಕೆ ಒಗ್ಗರಣೆ ಹಾಕಬಹುದು, ಆದರೆ ಕೈ ಎರಡೇ. ಕಾಲುಭಾಗ ಹೆಚ್ಚು ಕೆಲಸ ಸಿಕ್ಕರೆ ಪುಣ್ಯ. ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ "ಕೋರ್" ಅಂತ ಹೇಳುವಾಗ ಎಷ್ಟೋ ಸಲ ಥ್ರೆಡ್ ಲೆಕ್ಕವನ್ನೇ ಹೇಳುತ್ತಾರೆ. ಮೋಸ ಅಂತಲ್ಲ, ರೂಢಿ. ಬಾಯಿಮಾತು ಬಿಟ್ಟು ಲೈವ್ ಯುಎಸ್‌ಬಿ (ಸ್ಥಾಪಿಸದೆಯೇ ಲಿನಕ್ಸ್ ಓಡಿಸುವ ಪೆನ್‌ಡ್ರೈವ್) ಹಾಕಿ ಅಲ್ಲೇ ಎಲ್‌ಎಸ್‌ಸಿಪಿಯು ಹೊಡೆದು ನೋಡಿ.

ಕೊಳ್ಳುವ ಮೊದಲು ಹತ್ತು ನಿಮಿಷ

ನಿಮ್ಮ ನಿಜವಾದ ಕೆಲಸ ಹಚ್ಚಿ, ಪ್ರತಿ ಥ್ರೆಡ್ ಎಷ್ಟು ದುಡಿಯುತ್ತಿದೆ ಅಂತ ಒಂದೊಂದು ಪಟ್ಟಿಯಲ್ಲಿ ತೋರಿಸುವ ಎಚ್‌ಟಾಪ್ ತೆರೆದಿಡಿ. ಎಲ್ಲ ಪಟ್ಟಿಗಳೂ ತುಂಬಿ ನಿಂತಿದ್ದರೆ ಹೆಚ್ಚು ಕೋರ್ ಹಾಕಿದರೆ ಲಾಭ ಇದೆ. ನಾಲ್ಕರಲ್ಲಿ ಒಂದೇ ತುಂಬಿ ಉಳಿದ ಮೂರು ಮಲಗಿದ್ದರೆ ನಿಮಗೆ ಬೇಕಾದದ್ದು ಹೆಚ್ಚು ಕೋರ್ ಅಲ್ಲ, ಒಂದು ಚುರುಕು ಕೋರ್. ಯಾವುದೂ ತುಂಬದೆ ಯಂತ್ರ ಏದುಸಿರು ಬಿಡುತ್ತಿದ್ದರೆ ಟಾಪ್ ಆದೇಶ ಕೊಟ್ಟು ಡಿಸ್ಕ್‌ಗಾಗಿ ಕಾಯುವ ಪಾಲು ಎಷ್ಟಿದೆ ನೋಡಿ. ಅದು ಏರಿದ್ದರೆ ಒಂದು ಎಸ್‌ಎಸ್‌ಡಿ ತಂದು ಹಾಕಿ, ಈ ಲೇಖನವನ್ನು ಇಲ್ಲಿಗೇ ಬಿಡಿ.

ಇನ್ನೊಂದು ಪೀಕಲಾಟ ನಾನೇ ಕಂಡದ್ದು. ನಾಲ್ಕು ಕೋರ್ ಇದ್ದ ಯಂತ್ರ ಒಂದೇ ತೋರಿಸುತ್ತಿತ್ತು. ಯಾವುದೋ ಕಾಲದಲ್ಲಿ ಬೂಟ್ ಆಗದ ತೊಂದರೆಗೆ ಯಾರೋ ಲಿನಕ್ಸನ್ನು ಎಬ್ಬಿಸುವ ಗ್ರಬ್‌ನ ಸಾಲಿನಲ್ಲಿ ನೋಎಸ್‌ಎಂಪಿ (ಒಂದೇ ಕೋರ್ ಬಳಸು ಅನ್ನುವ ಸೂಚನೆ) ಸೇರಿಸಿ ಮರೆತಿದ್ದರು. ಪ್ರಾಕ್ ಕಡತಕೋಶದ ಸಿಎಂಡಿಲೈನ್ ಓದಿದರೆ ಇದು ಗೊತ್ತಾಗುತ್ತೆ. ಬಯೋಸ್‌ನಲ್ಲಿ, ಅಂದರೆ ಬೋರ್ಡನ್ನು ಎಬ್ಬಿಸುವ ತಂತ್ರಾಂಶದಲ್ಲಿ, ಚಾಲ್ತಿ ಕೋರ್‌ಗಳ ಸಂಖ್ಯೆ ಒಂದಕ್ಕೆ ಇಳಿದಿರುವುದೂ ಉಂಟು. ಯಂತ್ರದೊಳಗೆ ಓಡುವ ವರ್ಚುವಲ್ ಮಷೀನ್ ಆದರೆ ಅದಕ್ಕೆ ಎಷ್ಟು ಕೊಟ್ಟಿದ್ದೀರಿ ನೋಡಿ.

ಹೋಳಿಗೆ ಲೆಕ್ಕ

ಮನೆಯಲ್ಲಿ ಹಬ್ಬಕ್ಕೆ ಹೋಳಿಗೆ ಅಂದುಕೊಳ್ಳಿ. ಹೂರಣ ರುಬ್ಬುವ ಗ್ರೈಂಡರ್ ಒಂದೇ, ಅದಕ್ಕೆ ಒಂದು ಗಂಟೆ. ತಟ್ಟಿ ಬೇಯಿಸುವುದು ಒಬ್ಬರಿಗೆ ನಾಲ್ಕು ಗಂಟೆ. ಒಟ್ಟು ಐದು. ನಾಲ್ವರು ತಟ್ಟಲು ಕೂತರೆ ಎರಡು ಗಂಟೆಗೆ ಮುಗಿಯುತ್ತೆ: ಎರಡೂವರೆ ಪಟ್ಟು ವೇಗ. ಎಂಟು ಜನ ಕೂತರೆ ಒಂದೂವರೆ ಗಂಟೆ. ಹದಿನಾರು ಜನ ಬಂದರೆ ಒಂದೂಕಾಲು. ಇಡೀ ಬೀದಿಯ ಹೆಂಗಸರನ್ನು ಕರೆದು ಕೂರಿಸಿದರೂ ಒಂದು ಗಂಟೆಗಿಂತ ಕೆಳಗೆ ಇಳಿಯುವುದಿಲ್ಲ. ಗ್ರೈಂಡರ್ ಒಂದೇ ಅಲ್ಲವೇ. ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲಿ ಹೇಳಿದ್ದು ಇದನ್ನೇ. ನಾಲ್ಕರಿಂದ ಎಂಟಕ್ಕೆ ಹೋದಾಗ ಉಳಿತಾಯವಾದದ್ದು ಅರ್ಧ ಗಂಟೆ, ಎಂಟರಿಂದ ಹದಿನಾರಕ್ಕೆ ಹೋದಾಗ ಕಾಲು ಗಂಟೆ. ಇಪ್ಪತ್ತೆಂಟು ಕೋರ್‌ಗೆ ಅಡ್ವಾನ್ಸ್ ಕೊಡುವವರು ಈ ಕಾಲು ಗಂಟೆಯನ್ನು ನೆನಪಿಟ್ಟುಕೊಳ್ಳಬೇಕು.

ಹೂರಣ ಯಾವುದು, ತಟ್ಟುವುದು ಯಾವುದು ಅನ್ನುವುದು ಕೆಲಸದ ಮೇಲೆ ಹೋಗುತ್ತೆ. ಕರ್ನಲ್ (ಲಿನಕ್ಸ್‌ನ ತಿರುಳು) ಅಥವಾ ದೊಡ್ಡ ಸಿ ಪ್ರೋಗ್ರಾಂ ಕಂಪೈಲ್ ಮಾಡುವುದು ಬಹುಪಾಲು ತಟ್ಟುವ ಕೆಲಸ; ಮೇಕ್ ಆದೇಶಕ್ಕೆ ಹೈಫನ್ ಜೆ ಹಾಕಿ ಸಂಖ್ಯೆ ಕೊಟ್ಟರೆ ಕೋರ್‌ಗಳೆಲ್ಲ ಮೈಮುರಿದು ದುಡಿಯುತ್ತವೆ. ವಿಡಿಯೊ ಎನ್‌ಕೋಡಿಂಗೂ ಹಾಗೇ. ಕಡತ ಕುಗ್ಗಿಸುವ ಜಿಜಿಪ್ ಮಾತ್ರ ಎಷ್ಟು ಕೋರ್ ಇದ್ದರೂ ಒಂದನ್ನೇ ಮುಟ್ಟುತ್ತೆ. ಅದರ ಜಾಗಕ್ಕೆ ಪಿಗ್ಜ್ ಹಾಕಿಕೊಳ್ಳಿ, ಅಥವಾ ಎಕ್ಸ್‌ಜೆಡ್‌ಗೆ ಹೈಫನ್ ಟಿ ಸೊನ್ನೆ ಕೊಡಿ. ಮಾಮೂಲಿ ಪೈಥಾನ್‌ನಲ್ಲಿ ಥ್ರೆಡ್ ಎಷ್ಟು ಹುಟ್ಟಿಸಿದರೂ ಲೆಕ್ಕಾಚಾರ ಒಂದೊಂದಾಗಿಯೇ ನಡೆಯುತ್ತೆ; ಬೇರೆ ಬೇರೆ ಪ್ರೊಸೆಸ್ ಮಾಡಿದರೆ ಮಾತ್ರ ಕೋರ್ ಹಂಚಿಕೊಳ್ಳುತ್ತವೆ.

ಬಾಮೈದನ ಕೆಲಸ ಇದರಲ್ಲಿ ಅದೃಷ್ಟದ್ದು. ಒಂದು ಪುಟಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ. ಆದರೆ ಅದರಲ್ಲೊಂದು ಸೂಕ್ಷ್ಮ ಇದೆ: ಟೆಸರಾಕ್ಟ್ ತಾನೇ ಒಂದು ಪುಟಕ್ಕೆ ನಾಲ್ಕು ಥ್ರೆಡ್‌ವರೆಗೆ ಬಳಸಲು ನೋಡುತ್ತೆ, ಅದರಿಂದ ಸಿಗುವ ಲಾಭ ಅಲ್ಪ. ಓಎಂಪಿ ಥ್ರೆಡ್ ಲಿಮಿಟ್ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್ಲನ್ನು 1 ಮಾಡಿ, ಕೋರಿಗೊಂದು ಪುಟ ಕೊಟ್ಟರೆ ಒಟ್ಟು ಪುಸ್ತಕ ಬೇಗ ಮುಗಿಯುತ್ತೆ.

ದಾರಿ ಒಂದು: ಅದೇ ಬೋರ್ಡ್, ಬೇರೆ ಚಿಪ್

ನನ್ನ ಓಟು ಹೆಚ್ಚಿನ ಸಲ ಇದಕ್ಕೇ. ಕೇಸು, ಪವರ್ ಸಪ್ಲೈ, ಡಿಸ್ಕ್, ರ್‍ಯಾಮ್ ಎಲ್ಲ ಹಾಗೇ ಉಳಿಯುತ್ತೆ. ಲಿನಕ್ಸ್ ಮರುಸ್ಥಾಪಿಸುವ ಮಾತೇ ಇಲ್ಲ.

ನೋಡಬೇಕಾದ್ದು ಸಾಕೆಟ್ಟು, ಆಮೇಲೆ ಬಯೋಸ್ ಆವೃತ್ತಿ. ಡಿಎಂಐಡಿಕೋಡ್ ಆದೇಶದಿಂದ ಬೋರ್ಡ್ ಮಾದರಿ ತಿಳಿದುಕೊಂಡು, ತಯಾರಕರ ಜಾಲತಾಣದಲ್ಲಿ ಆ ಬೋರ್ಡಿಗೆ ಯಾವ ಚಿಪ್ ಯಾವ ಬಯೋಸ್‌ನಿಂದ ಕೂರುತ್ತೆ ಅನ್ನುವ ಪಟ್ಟಿ ನೋಡಿ. ಸಾಕೆಟ್ ಹೆಸರು ಒಂದೇ ಆದರೆ ಸಾಕು ಅಂತ ನಂಬಿ ಕೆಟ್ಟವರಿದ್ದಾರೆ: ಎಲ್‌ಜಿಎ 1151ರಲ್ಲಿ ಇಂಟೆಲ್‌ನ 6, 7ನೇ ತಲೆಮಾರಿನ ಬೋರ್ಡಿಗೆ 8, 9ನೇ ತಲೆಮಾರಿನ ಚಿಪ್ ಹೆಸರಿಗಷ್ಟೇ ಒಪ್ಪುತ್ತೆ, ಓಡುವುದಿಲ್ಲ. ಎಎಂಡಿಯವರ ಎಎಂ4 ಸಾಕೆಟ್ ಇದಕ್ಕೆ ಉಲ್ಟಾ. ಮೊದಲ ರೈಜೆನ್‌ಗೆಂದು ಕೊಂಡ ಎಷ್ಟೋ ಬೋರ್ಡ್‌ಗಳು ಬಯೋಸ್ ಏರಿಸಿದರೆ 6 ಕೋರ್, 12 ಥ್ರೆಡ್‌ನ ರೈಜೆನ್ 5 5600 ಅನ್ನು, 8 ಕೋರ್‌ನ 5700ಎಕ್ಸ್ ಅನ್ನು ಒಪ್ಪಿಕೊಳ್ಳುತ್ತವೆ. ಎರಡೂ 65 ವ್ಯಾಟ್‌ನವು. ಒಂದೇ ಎಚ್ಚರ: ಇವೆರಡರಲ್ಲೂ ಒಳಗೆ ಗ್ರಾಫಿಕ್ಸ್ ಇಲ್ಲ. ಕಾರ್ಡ್ ಇಲ್ಲದ ಯಂತ್ರಕ್ಕೆ ಹಾಕಿದರೆ ಪರದೆ ಕಪ್ಪಗೇ ಇರುತ್ತೆ, ನೀವು ಚಿಪ್ಪೇ ಸತ್ತಿದೆ ಅಂದುಕೊಂಡು ಎಸ್‌ಪಿ ರೋಡಿಗೆ ಇನ್ನೊಂದು ಸುತ್ತು ಹೋಗುತ್ತೀರಿ. 5600ಜಿ ಆದರೆ ಗ್ರಾಫಿಕ್ಸ್ ಇದೆ.

ಬಯೋಸನ್ನು ಹಳೇ ಚಿಪ್ ಕೂತಿರುವಾಗಲೇ ಏರಿಸಬೇಕು. ಬೆಸ್ಕಾಂ ಕರೆಂಟ್ ನಂಬಿಕೊಂಡು ಬೇಡ, ಯುಪಿಎಸ್ ಮೇಲೆ ಇಟ್ಟು ಮಾಡಿ.

ಬಾಮೈದನ ಎಚ್61ಗೆ ಎರಡು ಆಯ್ಕೆ ಇತ್ತು. 2011ರ ಐ7 2600: 4 ಕೋರ್, 8 ಥ್ರೆಡ್, 95 ವ್ಯಾಟ್. 2012ರ ಐ7 3770: ಅಷ್ಟೇ ಕೋರ್, 77 ವ್ಯಾಟ್, ಆದರೆ ಹಳೇ ಬಯೋಸ್ ಇದ್ದರೆ ಏಳುವುದಿಲ್ಲ. ಅವನ ಸೆಲೆರಾನ್ 35 ವ್ಯಾಟ್‌ನದ್ದು. ಅದರ ಜೊತೆ ಬಂದ ಅಂಗೈಯಗಲದ ಫ್ಯಾನು ಐ7ಗೆ ಸಾಲದು, ಅದನ್ನೂ ಲೆಕ್ಕಕ್ಕೆ ಸೇರಿಸಬೇಕು. ರ್‍ಯಾಮ್‌ಗೆ ಎರಡೇ ಸ್ಲಾಟು, ಗರಿಷ್ಠ 16 ಜಿಬಿ. ಅದಕ್ಕಿಂತ ಬೇಕಾದವರಿಗೆ ಈ ದಾರಿ ಇಲ್ಲಿಗೆ ಮುಚ್ಚಿತು.

ಇನ್ನೊಂದು ವಿಷಯ ಕೋರ್ ಎಣಿಸುವವರ ಕಣ್ಣಿಗೆ ಬೀಳುವುದೇ ಇಲ್ಲ. ಟೆಸರಾಕ್ಟ್‌ಗೆ ಹೈಫನ್ ಹೈಫನ್ ವರ್ಷನ್ ಕೊಟ್ಟರೆ ಕೊನೆಯಲ್ಲಿ ಎವಿಎಕ್ಸ್2 ಸಿಕ್ಕಿತು, ಎವಿಎಕ್ಸ್ ಸಿಕ್ಕಿತು ಅಂತ ಬರೆಯುತ್ತೆ. ಒಂದೇ ಏಟಿಗೆ ಹಲವು ಸಂಖ್ಯೆ ಗುಣಿಸುವ ಸೂಚನೆಗಳವು. ಅಕ್ಷರ ಗುರುತಿಸುವ ಲೆಕ್ಕಕ್ಕೆ ಇವೇ ಜೀವ. ಅವನ ಸೆಲೆರಾನ್‌ನಲ್ಲಿ ಎವಿಎಕ್ಸ್ ಕೂಡ ಇರಲಿಲ್ಲ. 2600, 3770ರಲ್ಲಿ ಎವಿಎಕ್ಸ್ ಇದೆ, ಎವಿಎಕ್ಸ್2 ಇಲ್ಲ. ಅದು ಬಂದದ್ದು 2013ರ ಹ್ಯಾಸ್ವೆಲ್‌ನಿಂದ. ಹಾಗಾಗಿ ಕೋರ್ ಸಂಖ್ಯೆ ಒಂದೇ ಇದ್ದರೂ ಹೊಸ ಚಿಪ್ಪಿನ ಒಂದೊಂದು ಕೋರೂ ಹೆಚ್ಚು ಪುಟ ಎಳೆಯುತ್ತೆ.

ಬಿಚ್ಚುವಾಗ ಇಂಟೆಲ್‌ನಲ್ಲಿ ಪಿನ್ನುಗಳು ಸಾಕೆಟ್ಟಿನಲ್ಲಿರುತ್ತವೆ. ಸೆಕೆಂಡ್ ಹ್ಯಾಂಡ್ ಬೋರ್ಡ್ ಕೊಳ್ಳುವುದಾದರೆ ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿಯಿರಿ, ಬಾಗಿದ ಪಿನ್ ಇದ್ದರೆ ಸಾಲು ತಪ್ಪಿ ಮಿನುಗುತ್ತೆ. ಎಎಂ4ನಲ್ಲಿ ಪಿನ್ನು ಚಿಪ್ಪಿನ ಅಡಿಯಲ್ಲಿ. ಚಿಪ್ಪಿಗೂ ಕೂಲರಿಗೂ ನಡುವಿನ ಪೇಸ್ಟ್ ಒಣಗಿದ್ದರೆ ಕೂಲರ್ ಎತ್ತಿದಾಗ ಚಿಪ್ಪೂ ಅಂಟಿಕೊಂಡು ಕಿತ್ತು ಬರುತ್ತೆ. ಮೊದಲು ಯಂತ್ರವನ್ನು ಹತ್ತು ನಿಮಿಷ ಓಡಿಸಿ ಬಿಸಿ ಮಾಡಿ, ಆರಿಸಿ, ಕೂಲರನ್ನು ಅತ್ತಿತ್ತ ತಿರುಗಿಸಿ ಸಡಿಲ ಮಾಡಿ ಎತ್ತಿ.

ದಾರಿ ಎರಡು: ಜೋಡಿ ಜಿಯಾನ್

ಇದರ ಆಸೆ ನನಗೂ ಹತ್ತಿತ್ತು, ಹತ್ತಿದ್ದಕ್ಕೆ ಕಾರಣವೂ ಹಳೆಯದು. 1999ರಲ್ಲಿ ಅಬಿಟ್ ಕಂಪನಿ ಬಿಪಿ6 ಅನ್ನುವ ಬೋರ್ಡ್ ತಂದಿತ್ತು. ಇಂಟೆಲ್ ಒಂಟಿಯಾಗಿ ಓಡಲೆಂದು ಮಾರುತ್ತಿದ್ದ ಅಗ್ಗದ ಸೆಲೆರಾನ್‌ಗಳನ್ನು ಎರಡೆರಡು ಕೂರಿಸುವ ಬೋರ್ಡ್ ಅದು. ವಿಂಡೋಸ್ 98 ಎರಡನೆಯದನ್ನು ಮೂಸಿಯೂ ನೋಡುತ್ತಿರಲಿಲ್ಲ, ಲಿನಕ್ಸ್‌ನವರಿಗೆ ಮಾತ್ರ ಹಬ್ಬ. ಲಿನಕ್ಸ್ 1996ರ 2.0 ಆವೃತ್ತಿಯಲ್ಲೇ ಹಲವು ಪ್ರೊಸೆಸರ್‌ಗಳನ್ನು ಓಡಿಸಲು ಕಲಿತಿತ್ತು, ಆದರೆ ಇಡೀ ಕರ್ನಲ್‌ಗೆ ಒಂದೇ ಬೀಗ. ಒಬ್ಬ ಒಳಗಿದ್ದರೆ ಇನ್ನೊಬ್ಬ ಹೊಸ್ತಿಲಲ್ಲೇ ನಿಲ್ಲಬೇಕು. ಆ ದೊಡ್ಡ ಬೀಗವನ್ನು ಚೂರುಚೂರಾಗಿ ಒಡೆಯುತ್ತ ಬಂದು, ಪೂರ್ತಿ ಕಿತ್ತೆಸೆದದ್ದು 2011ರ 2.6.39ರಲ್ಲಿ. ಇವತ್ತು ಕರ್ನಲ್ ಕಡೆಯಿಂದ ಜೋಡಿ ಚಿಪ್ಪಿಗೆ ಅಡ್ಡಿ ಇಲ್ಲ. ಅಡ್ಡಿ ಇರುವುದು ಬೇರೆ ಕಡೆ.

ಕಂಪನಿಗಳು ಬದಲಿಸಿ ಹೊರಹಾಕಿದ ವರ್ಕ್‌ಸ್ಟೇಷನ್‌ಗಳು ಬೆಂಗಳೂರಿನಲ್ಲಿ ಸುಲಭವಾಗಿ ಸಿಗುತ್ತವೆ. ನಾನು ತಂದದ್ದರಲ್ಲಿ ಎರಡು ಇ5-2680 ವಿ4: ತಲಾ 14 ಕೋರ್, 120 ವ್ಯಾಟ್. ಅಂಗಡಿಯ ಹೆಸರು ಬೇಡ. ಮನೆಗೆ ತಂದು ಓಡಿಸಿದರೆ ಇಪ್ಪತ್ತೆಂಟು ಕೋರ್ ಇದೆ, ವೇಗ ಮಾತ್ರ ಅಂದುಕೊಂಡಷ್ಟಿಲ್ಲ. ಯಾವ ಚಿಪ್ಪಿನ ಬಳಿ ಎಷ್ಟು ಮೆಮೊರಿ ಇದೆ ಅಂತ ಹೇಳುವ ನ್ಯುಮಾಸಿಟಿಎಲ್‌ಗೆ ಹಾರ್ಡ್‌ವೇರ್ ತೋರಿಸು ಅಂದಾಗ ಗುಟ್ಟು ಬಯಲಾಯಿತು: ಸೊನ್ನೆಯ ನೋಡ್‌ನಲ್ಲಿ, ಅಂದರೆ ಮೊದಲ ಚಿಪ್ಪಿನ ಪಾಲಿನಲ್ಲಿ, ಮೆಮೊರಿ ಪೂರ್ತಿ, ಒಂದನೇ ನೋಡ್‌ನಲ್ಲಿ ಸೊನ್ನೆ. ಅಂಗಡಿಯವನು ರ್‍ಯಾಮ್ ಕಡ್ಡಿಗಳನ್ನೆಲ್ಲ ಮೊದಲ ಚಿಪ್ಪಿನ ಪಕ್ಕವೇ ಚುಚ್ಚಿದ್ದ. ಜೋಡಿ ಬೋರ್ಡಿನಲ್ಲಿ ಚಿಪ್ಪಿಗೊಂದು ಮೆಮೊರಿ. ಎರಡನೆಯದು ಪ್ರತಿ ಬೈಟಿಗೂ ಪಕ್ಕದ ಮನೆಯ ಬಾಗಿಲು ತಟ್ಟುತ್ತಿತ್ತು. ಅರ್ಧ ಕಡ್ಡಿ ಆ ಕಡೆ ಸರಿಸಿದ ಮೇಲೆ ಸರಿಹೋಯಿತು.

ವೇಗ ಸರಿಹೋಯಿತು, ಸದ್ದು ಸರಿಹೋಗಲಿಲ್ಲ. "ಇದೇನ್ರೀ, ಹಿಟ್ಟಿನ ಗಿರಣಿ ತಂದಿದೀರಾ?" ಅಂದಳು ನನ್ನ ಹೆಂಡತಿ. ಮನೆಯ 600 ವಿಎ ಯುಪಿಎಸ್ ಪೂರ್ತಿ ಭಾರ ಬಿದ್ದಾಗ ಕಿರುಚಿ ಕೈಬಿಟ್ಟಿತು. ಆಮೇಲೆ ಬಂತು ಕರೆಂಟ್ ಬಿಲ್ಲು.

ಇದನ್ನು ಬಿಡಿಸಿ ಹೇಳುತ್ತೇನೆ, ಬೇರೆ ಊರಿನ ಹೋಲಿಕೆಗಳಲ್ಲಿ ಇದು ಸಿಗುವುದಿಲ್ಲ. ಸುಮ್ಮನೆ ಕೂತಾಗ ಇಂಥ ಯಂತ್ರ 120 ವ್ಯಾಟ್ ಎಳೆಯುತ್ತೆ ಅಂದುಕೊಳ್ಳಿ. ದಿನವಿಡೀ ಹಚ್ಚಿಟ್ಟರೆ ತಿಂಗಳಿಗೆ 86 ಯೂನಿಟ್. ಯೂನಿಟ್‌ಗೆ ಆರು ರೂಪಾಯಿ ಹಿಡಿದರೂ ಐನೂರು ಚಿಲ್ಲರೆ, ಹೋಗಲಿ ಅನ್ನಬಹುದು. ಆದರೆ ಗೃಹಜ್ಯೋತಿಯಲ್ಲಿರುವ ಮನೆ 200 ಯೂನಿಟ್ ದಾಟಿದರೆ ಆ ತಿಂಗಳ ಬಿಲ್ಲು ಪೂರ್ತಿ ನಿಮ್ಮದೇ. 130 ಯೂನಿಟ್‌ನ ಮನೆ 216ಕ್ಕೆ ಹಾರುತ್ತೆ, 86ಕ್ಕಲ್ಲ, 216ಕ್ಕೂ ದುಡ್ಡು ಕಟ್ಟುತ್ತೀರಿ. ನಮ್ಮ ಮನೆಯಲ್ಲಿ ನಡೆದದ್ದು ಇದೇ. ಆಗ ನಾನು ಉಳಿಸಿದೆ ಅಂದುಕೊಂಡಿದ್ದ ದುಡ್ಡಿನ ಲೆಕ್ಕವನ್ನು ಹೆಂಡತಿ ಕ್ಯಾಲೆಂಡರಿನ ಹಿಂದೆ ಬರೆದು ತೋರಿಸಿದಳು.

ಹಾಗಾದರೆ ಇದು ಯಾರಿಗೆ? ರ್‍ಯಾಮ್ ಬೇಕಾದವರಿಗೆ. ಹತ್ತು ವರ್ಚುವಲ್ ಮಷೀನ್ ಒಟ್ಟಿಗೆ ಓಡಿಸುವವರಿಗೆ, ಆಂಡ್ರಾಯ್ಡ್ ಮೂಲ ಕೋಡ್ ಕಟ್ಟುವವರಿಗೆ. ಗೂಗಲ್ಲೇ ಅದಕ್ಕೆ 64 ಜಿಬಿ ಕೇಳುತ್ತೆ. ಈ ಜಿಯಾನ್‌ಗಳಿಗೆ ಚಿಪ್ಪಿಗೆ ನಾಲ್ಕು ಮೆಮೊರಿ ಚಾನೆಲ್, ಸಾಮಾನ್ಯ ಡೆಸ್ಕ್‌ಟಾಪ್‌ಗೆ ಎರಡೇ. ಬಿಡಿ ಕೋರ್‌ಗಳನ್ನು ಎದುರುಬದುರು ನಿಲ್ಲಿಸಿದರೆ 5600 ಎಷ್ಟೋ ಮುಂದೆ, ಬ್ರೌಸರ್ ತೆರೆದು ಕೂತವರಿಗೆ ಆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತೆ.

ಕೊಳ್ಳುವುದೇ ಆದರೆ ಸಂಖ್ಯೆ ಓದಿ. ಇ5 ಆದ ಮೇಲಿನ ಮೊದಲ ಅಂಕಿ ಎಷ್ಟು ಸಾಕೆಟ್‌ನಲ್ಲಿ ಓಡುತ್ತೆ ಅನ್ನುವುದು. 26ರಿಂದ ಶುರುವಾದರೆ ಜೋಡಿ ಆಗುತ್ತೆ, 16ರಿಂದ ಶುರುವಾದರೆ ಎಷ್ಟು ತಪಸ್ಸು ಮಾಡಿದರೂ ಒಂಟಿಯೇ. ಒಂದು ಸಾಕೆಟ್ ಖಾಲಿ ಇರುವ ಯಂತ್ರ ಅಗ್ಗಕ್ಕೆ ಸಿಗುತ್ತೆ, "ಆಮೇಲೆ ಇನ್ನೊಂದು ಹಾಕ್ಕೊಳ್ಳಿ ಸಾರ್" ಅನ್ನುತ್ತಾರೆ. ಎರಡನೇ ಕೂಲರ್ ಸಿಗದೆ ತಿಂಗಳುಗಟ್ಟಲೆ ಅಲೆಯುತ್ತೀರಿ. ಕೆಲವು ಮಾದರಿಗಳಿಗೆ ಎರಡನೇ ಚಿಪ್ಪಿಗೆ ಪ್ರತ್ಯೇಕ ರೈಸರ್ ಬೋರ್ಡೇ ಬೇಕು. ಅಲ್ಲಿಯವರೆಗೆ ಖಾಲಿ ಸಾಕೆಟ್ಟಿಗೆ ಸೇರಿದ ರ್‍ಯಾಮ್ ಸ್ಲಾಟುಗಳೂ ಸತ್ತಿರುತ್ತವೆ. ಪವರ್ ಸಪ್ಲೈ ಆ ಕಂಪನಿಯದ್ದೇ ಆಕಾರದ್ದು, ಸುಟ್ಟರೆ ಮಾಮೂಲಿ ತಂದು ಹಾಕಲು ಬರುವುದಿಲ್ಲ.

ದಾರಿ ಮೂರು: ಬೋರ್ಡ್, ಚಿಪ್, ರ್‍ಯಾಮ್ ಮೂರೂ ಹೊಸದು

ಬೋರ್ಡ್ ತೀರಾ ಹಳೆಯದು, ಅದರ ಸಾಕೆಟ್ಟಿಗೆ ಒಳ್ಳೆಯ ಚಿಪ್ಪೇ ಇಲ್ಲ, ಅಥವಾ ಅಂಗಡಿಯ ಸಂಪಾದನೆಯೇ ಈ ಯಂತ್ರದ ಮೇಲಿದೆ, ವಾರಂಟಿ ಬೇಕು ಅಂದರೆ ಇದು. ಬೆಲೆ ಬರೆಯುವುದಿಲ್ಲ, ರ್‍ಯಾಮ್ ಬೆಲೆ ಟೊಮೆಟೊ ಬೆಲೆಯ ಹಾಗಾಗಿದೆ. ಇಂಟೆಲ್ 12ನೇ ತಲೆಮಾರಿನಿಂದ ಎಷ್ಟೋ ಚಿಪ್ಪುಗಳಲ್ಲಿ ದೊಡ್ಡ ಕೋರ್, ಸಣ್ಣ ಕೋರ್ ಬೆರೆತಿವೆ. ಐ5 12600ಕೆ 16 ಥ್ರೆಡ್ ತೋರಿಸುತ್ತೆ: ಆರು ದೊಡ್ಡವು ಎರಡೆರಡು ಥ್ರೆಡ್, ನಾಲ್ಕು ಸಣ್ಣವು ಒಂದೊಂದು. ಹದಿನಾರೂ ಸಮ ಅಂದುಕೊಂಡು ಕೆಲಸ ಹಂಚಿದರೆ ಸಣ್ಣವು ಹಿಂದೆ ಬೀಳುತ್ತವೆ. ಇಂಥ ಚಿಪ್ಪಿಗೆ ಹಳೇ ಕರ್ನಲ್ ಬೇಡ, 5.18 ಅಥವಾ ಅದರ ನಂತರದ್ದು ಇರಲಿ. ತಲೆನೋವು ಬೇಡ ಅನ್ನುವವರಿಗೆ ಐ5 12400: ಆರು ಕೋರ್, ಆರೂ ದೊಡ್ಡವು.

ಇನ್ನು ವರ್ಷಕ್ಕೊಮ್ಮೆ ಮಾತ್ರ ಭಾರೀ ಕೆಲಸ ಬರುವವರು ಏನನ್ನೂ ಕೊಳ್ಳದೆ ಗಂಟೆ ಲೆಕ್ಕದಲ್ಲಿ ಕ್ಲೌಡ್ ಬಾಡಿಗೆಗೆ ಹಿಡಿಯಲಿ. ಆರಿಸುವುದನ್ನು ಮರೆಯಬೇಡಿ ಅಷ್ಟೇ.

ಹಾಕಿದ ಮೇಲೆ

ಒಂದು ಕಾಲದಲ್ಲಿ ಒಂಟಿ ಪ್ರೊಸೆಸರ್‌ಗೊಂದು, ಹಲವಕ್ಕೊಂದು ಅಂತ ಬೇರೆ ಬೇರೆ ಕರ್ನಲ್ ಪ್ಯಾಕೇಜ್ ಇರುತ್ತಿದ್ದವು. ಈಗ ಒಂದೇ. ಯುನೇಮ್ ಹೈಫನ್ ಎ ಹೊಡೆದರೆ ಎಸ್‌ಎಂಪಿ (ಹಲವು ಪ್ರೊಸೆಸರ್ ಓಡಿಸಬಲ್ಲದು) ಅಂತ ಕಾಣುತ್ತೆ, ಚಿಪ್ ಬದಲಿಸಿ ಹಚ್ಚಿದರೆ ತಾನೇ ಎಣಿಸಿಕೊಳ್ಳುತ್ತೆ. ಬೋರ್ಡೂ ಬದಲಾಗಿದ್ದರೆ ಮಾತ್ರ ಒಂದೆರಡು ಕಿರಿಕಿರಿ: ನೆಟ್‌ವರ್ಕ್ ಕಾರ್ಡಿನ ಹೆಸರು ಬದಲಾಗಿ ಕೈಯಾರೆ ಬರೆದ ಐಪಿ ಕೆಲಸ ಮಾಡುವುದಿಲ್ಲ, ಹಳೇ ಬಯೋಸ್ ರೀತಿಯಲ್ಲಿ ಸ್ಥಾಪಿಸಿದ ಡಿಸ್ಕ್ ಹೊಸ ಬೋರ್ಡಿನಲ್ಲಿ ಬೂಟ್ ಆಗದಿರಬಹುದು. 32 ಬಿಟ್ ಸ್ಥಾಪನೆ ಇದ್ದರೆ ಇದೇ ನೆಪದಲ್ಲಿ 64ಕ್ಕೆ ಹೊಸದಾಗಿ ಹಾಕಿಕೊಳ್ಳಿ. ಇಂಟೆಲ್‌ನಿಂದ ಎಎಂಡಿಗೆ ಹೋದರೆ ಮೈಕ್ರೋಕೋಡ್ (ಚಿಪ್ಪಿನ ಒಳಗಿನ ತಪ್ಪು ತಿದ್ದುವ) ಪ್ಯಾಕೇಜ್ ಬದಲಿಸಿ. ಎಂಟು ಕೆಲಸ ಒಟ್ಟಿಗೆ ಬಿಟ್ಟರೆ ಮೆಮೊರಿಯೂ ಎಂಟು ಪಾಲು ಬೇಕು. ಇಲ್ಲದಿದ್ದರೆ ಕರ್ನಲ್ ಯಾವುದನ್ನೋ ಒಂದನ್ನು ಸದ್ದಿಲ್ಲದೆ ಕೊಂದು ಹಾಕುತ್ತೆ.

ಬಾಮೈದ ಕೊನೆಗೆ ಕೊಂಡದ್ದು ಸೆಕೆಂಡ್ ಹ್ಯಾಂಡ್ 3770, ಜೊತೆಗೆ ಒಂದು ದಪ್ಪ ಕೂಲರ್. ರಾತ್ರಿಯಿಡೀ ಓಡುತ್ತಿದ್ದ ಪುಸ್ತಕ ಈಗ ಅವನು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಮುಗಿಯುತ್ತೆ. ಮೊದಲ ದಿನ ಮಾತ್ರ ಇನ್ನೊಂದು ಫೋನ್ ಬಂತು. "ಭಾವ, ನಲವತ್ತೊಂದನೇ ಪುಟದ ಕೀರ್ತನೆ ನಲವತ್ಮೂರರಲ್ಲಿ ಬಂದಿದೆ, ನಲವತ್ತೊಂದರಲ್ಲಿ ಅರ್ಧ ಸಾಲು ಅಷ್ಟೇ." ತಪ್ಪು ನನ್ನದು. ಹಿಂದೆ ಬರೆದುಕೊಟ್ಟ ಸ್ಕ್ರಿಪ್ಟ್‌ನಲ್ಲಿ ಪ್ರತಿ ಪುಟವನ್ನೂ ಸ್ವಚ್ಛ ಮಾಡಿ ಟೆಂಪ್ ಕಡತಕೋಶದಲ್ಲಿ ಒಂದೇ ಹೆಸರಿನ ಕಡತಕ್ಕೆ ಇಡುತ್ತಿದ್ದೆ. ಒಂದೊಂದಾಗಿ ಓಡುವಾಗ ಏನೂ ಆಗಿರಲಿಲ್ಲ. ಎಂಟು ಒಟ್ಟಿಗೆ ಓಡಿದಾಗ ಒಬ್ಬ ಬರೆದದ್ದರ ಮೇಲೆ ಇನ್ನೊಬ್ಬ ಬರೆದ. ಎಂಕೆಟೆಂಪ್ ಹಾಕಿ ಪುಟಕ್ಕೊಂದು ಹೆಸರು ಕೊಟ್ಟೆ. ನಿಮ್ಮ ಸ್ವಂತ ಸ್ಕ್ರಿಪ್ಟ್‌ಗಳನ್ನೂ ಒಮ್ಮೆ ತೆರೆದು ನೋಡಿ. ಪಿಡಿಎಫ್ ಕೆಲಸವೇ ಆದರೆ ಒಸಿಆರ್‌ಮೈಪಿಡಿಎಫ್ ಬಳಸಿ, ಅದು ಇದನ್ನೆಲ್ಲ ತಾನೇ ನೋಡಿಕೊಳ್ಳುತ್ತೆ.

ಹಳೇ ಸೆಲೆರಾನನ್ನು ಮಾರಲು ಹೊರಟಿದ್ದ, ಬೇಡ ಅಂದೆ. ಹೊಸ ಚಿಪ್ ಕೈಕೊಟ್ಟರೆ, ಅಥವಾ ಬಯೋಸ್ ಹಳೆಯದಕ್ಕೆ ಜಾರಿದರೆ, ಆ ಬೋರ್ಡನ್ನು ಎಬ್ಬಿಸಲು ಅದೇ ಬೇಕು. ಈಗ ಅದು ಹೋಮಿಯೋಪತಿ ಮಾತ್ರೆಯ ಡಬ್ಬಿಯಲ್ಲಿ, ಹತ್ತಿ ಸುತ್ತಿಕೊಂಡು, ಅವನ ಗಲ್ಲಾಪೆಟ್ಟಿಗೆಯಲ್ಲಿದೆ.